ಕಾಣದ ಕೆಂಡ

ಕರಾವಳಿಯ ನಮ್ಮ ಮನೆಗಳಲ್ಲಿ ಕೋಣೆಯನ್ನು ಬಿಸಿ ಮಾಡುವ ಯಂತ್ರಕ್ಕೆ ಕೆಲಸವಿಲ್ಲ. ಕಾಪು, ಪಡುಬಿದ್ರಿ, ಮುದರಂಗಡಿ, ಎಲ್ಲೂರುಗಳಲ್ಲಿ ಜನವರಿಯ ಮುಂಜಾನೆಯ ಚಳಿಗೆ ಒಂದು ಕಂಬಳಿ ಮತ್ತು ಬಚ್ಚಲೊಲೆಯ ಮುಂದೆ ಕಳೆಯುವ ಒಂದು ಗಳಿಗೆ ಸಾಕು. ಆದರೆ ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಇಂದು ಕರಾವಳಿಯೊಳಗೇ ಉಳಿದಿಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಮಡಿಕೇರಿಯಲ್ಲಿ, ಮೊಮ್ಮಕ್ಕಳು ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಇದ್ದಾರೆ. ಚಳಿಗಾಲದಲ್ಲಿ ಅವರ ಮನೆಗೆ ಹೋದ ಹಿರಿಯರಿಗೆ ಮೊದಲು ಕಾಣುವ ವಸ್ತುಗಳಲ್ಲೊಂದು ಚಿಕ್ಕ ಗಾಲಿಗಳ ಮೇಲೆ ನಿಂತ, ಲೋಹದ ರೆಕ್ಕೆಗಳ ವಿದ್ಯುತ್ ರೇಡಿಯೇಟರ್. ಅದರೊಳಗಿನ ಎಣ್ಣೆ ಉರಿಯುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ವಿದ್ಯುತ್ತಿನಿಂದ ಕಾದು ಶಾಖವನ್ನು ನಿಧಾನವಾಗಿ ಕೋಣೆಗೆ ಹರಡುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ, ಸದ್ದಿಲ್ಲ. ಈ ನಿರುಪದ್ರವಿ ಯಂತ್ರದ ಮುಂದೆ ಕುಳಿತು ಒಂದು ನೈತಿಕ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅತಿಯೆನಿಸೀತು. ಆದರೂ ಕೇಳಲೇಬೇಕಾಗಿದೆ. ಹೊಗೆಯಿಲ್ಲದ ಈ ಬಿಸಿಯ ಹೊಗೆ ಎಲ್ಲಿಗೆ ಹೋಯಿತು?

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಬೆಚ್ಚಗಿರುವುದು ಪಾಪವಲ್ಲ. ವಿಮೋಚನಾಕಾಂಡದ ಧರ್ಮಶಾಸ್ತ್ರವು, ಬಡವನಿಂದ ಒತ್ತೆಯಾಗಿ ಪಡೆದ ಹೊದಿಕೆಯನ್ನು ಸೂರ್ಯಾಸ್ತಕ್ಕೆ ಮುಂಚೆ ಹಿಂದಿರುಗಿಸಬೇಕೆಂದು ವಿಧಿಸುತ್ತದೆ. ರಾತ್ರಿಯ ಚಳಿಗೆ ಅವನಿಗಿರುವುದು ಅದೊಂದೇ ಎಂಬುದು ಅಲ್ಲಿ ಕೊಟ್ಟ ಕಾರಣ. ಚಳಿಯಲ್ಲಿರುವವನಿಗೆ ಬೆಚ್ಚಗಿರು ಎಂದು ಹರಸಿ, ಏನನ್ನೂ ಕೊಡದೆ ಕಳುಹಿಸುವವನ ವಿಶ್ವಾಸ ಸತ್ತದ್ದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ವಸತಿ ಮಾರ್ಗಸೂಚಿಯಲ್ಲಿ, ಚಳಿ ಪ್ರದೇಶಗಳ ಮನೆಯೊಳಗಿನ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದೆಂದು ಹೇಳಿದೆ. ವೃದ್ಧರಿಗೂ ಹಸುಳೆಗಳಿಗೂ ರೋಗಿಗಳಿಗೂ ಚಳಿಯೆಂಬುದು ಬರಿಯ ಅನಾನುಕೂಲವಲ್ಲ, ಪ್ರಾಣಾಪಾಯ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲದಿಂದ ನಿದ್ದೆಯಲ್ಲೇ ಅಸುನೀಗಿದ ವಾರ್ತೆಗಳನ್ನು ನಾವು ಓದುತ್ತಲೇ ಇದ್ದೇವೆ. ಅದರ ಮುಂದೆ ವಿದ್ಯುತ್ ರೇಡಿಯೇಟರ್ ಒಂದು ವರದಾನವೇ ಸರಿ. ವಯಸ್ಸಾದ ತಾಯಿಯ ಕೋಣೆಯಲ್ಲಿ ಅದನ್ನು ಇಡುವ ಮಗನನ್ನು ಆಡಂಬರದವನೆಂದು ಹಳಿಯುವುದು ಅನ್ಯಾಯ.

ಆದರೆ ಕೆಂಡ ಇಲ್ಲವಾಗಿಲ್ಲ. ನಮ್ಮ ಕಣ್ಣಿಗೆ ಕಾಣದಷ್ಟು ದೂರಕ್ಕೆ ಸರಿದಿದೆ, ಅಷ್ಟೇ. 2000 ವಾಟ್‌ನ ಒಂದು ರೇಡಿಯೇಟರ್ ಪೂರ್ಣ ಬಲದಲ್ಲಿ ಐದು ಗಂಟೆ ನಡೆದರೆ 10 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ಆ ವಿದ್ಯುತ್ತು ಆಮದು ಕಲ್ಲಿದ್ದಲಿನಿಂದ ಬಂದುದಾದರೆ, ಅದಕ್ಕಾಗಿ ಎಲ್ಲೋ ಒಂದೆಡೆ ಸುಮಾರು ನಾಲ್ಕೂವರೆ ಕಿಲೋ ಕಲ್ಲಿದ್ದಲು ಉರಿದಿದೆ ಎನ್ನಬಹುದು. ರೇಡಿಯೇಟರ್ ತನಗೆ ದೊರೆತ ವಿದ್ಯುತ್ತನ್ನೆಲ್ಲ ಶಾಖವಾಗಿಸುತ್ತದೆ, ನಿಜ. ಆದರೆ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದು ತಂಪುಗೊಳಿಸುವ ನೀರಿನಲ್ಲಿಯೂ ಚಿಮಣಿಯ ಗಾಳಿಯಲ್ಲಿಯೂ ಕಳೆದುಹೋಗುತ್ತದೆ. ತಂತಿಗಳಲ್ಲಿ ಇನ್ನಷ್ಟು ಸೋರುತ್ತದೆ. ಒಂದು ಪಾಲು ಬಿಸಿ ನಮ್ಮ ಕೋಣೆಗೆ ತಲುಪಲು ಮೂರು ಪಾಲು ಬಿಸಿಯನ್ನು ಬೇರೊಂದು ಊರಿನಲ್ಲಿ ಹುಟ್ಟಿಸಬೇಕು.

ಆ ಬೇರೊಂದು ಊರಿನ ಹೆಸರು ನಮಗೆ ಅಪರಿಚಿತವಲ್ಲ. ಎಲ್ಲೂರಿನಲ್ಲಿ ತಲಾ 600 ಮೆಗಾವಾಟ್‌ನ ಎರಡು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವಿದೆ. ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಸಮುದ್ರ ದಾಟಿ ನವಮಂಗಳೂರು ಬಂದರಿಗೆ ಬರುವ ಕಲ್ಲಿದ್ದಲು ರೈಲಿನಲ್ಲಿ ಅಲ್ಲಿಗೆ ಸಾಗುತ್ತದೆ. ವಿದ್ಯುತ್ತು ಎತ್ತರದ ಗೋಪುರಗಳ ತಂತಿಯಲ್ಲಿ ಘಟ್ಟ ಹತ್ತಿ ಹಾಸನದ ಕಡೆಗೆ ಹೋಗುತ್ತದೆ. ಈ ಪ್ರದೇಶದ ಜನರ ಆತಂಕ ಇನ್ನೂ ಹಳೆಯದು. 1990ರ ದಶಕದಲ್ಲಿ ನಂದಿಕೂರಿಗೆ ಬರಲಿದ್ದ ಕೊಜೆಂಟ್ರಿಕ್ಸ್ ಯೋಜನೆಯ ವಿರುದ್ಧ ದೀರ್ಘ ಹೋರಾಟ ನಡೆದು, 1999ರಲ್ಲಿ ಆ ಸಂಸ್ಥೆ ಹಿಂದೆ ಸರಿದಿತ್ತು. ಎಲ್ಲೂರಿನ ಸ್ಥಾವರ ಬಂದ ಮೇಲೆ ಧೂಳು, ಹಾರುಬೂದಿ ಹಾಗೂ ಬೆಳೆಗಳ ಮೇಲೆ ಬೀಳುವ ಉಪ್ಪುನೀರಿನ ಹನಿಗಳ ಬಗ್ಗೆ ಸುತ್ತಲಿನ ಕೃಷಿಕರು ವರ್ಷಗಟ್ಟಲೆ ದೂರಿದರು. ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯನ್ನು ಸೇರಿ, 2022ರಲ್ಲಿ ಅದು ಸುಮಾರು 52 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ಸ್ಥಾವರದ ಮೇಲೆ ವಿಧಿಸಿತು. ಹಣವನ್ನು ಎಣಿಸಬಹುದು. ಅಂಗಳದಲ್ಲಿ ಬಟ್ಟೆ ಒಣಹಾಕಲು ಹಿಂಜರಿಯುವ ಗೃಹಿಣಿಯ ಬೇಸರವನ್ನೂ, ಬಾವಿಯ ನೀರನ್ನು ಸಂಶಯದಿಂದ ನೋಡುವ ಹಿರಿಯನ ಚಿಂತೆಯನ್ನೂ ಎಣಿಸುವ ಮಾಪನವಿಲ್ಲ.

ಇಲ್ಲಿ ಎರಡು ಸುಲಭ ಉತ್ತರಗಳು ನಮ್ಮನ್ನು ಸೆಳೆಯುತ್ತವೆ. ನಾನು ಬಿಲ್ಲು ಕಟ್ಟಿದ್ದೇನೆ, ನನ್ನ ಋಣ ತೀರಿತು ಎಂಬುದು ಮೊದಲನೆಯದು. ಬಿಲ್ಲು ವಿದ್ಯುತ್ತಿನ ಬೆಲೆಯನ್ನು ತೀರಿಸುತ್ತದೆ, ನಿಜ. ಆದರೆ ಎಲ್ಲೂರಿನ ತೋಟದ ಮೇಲೆ ಬಿದ್ದ ಧೂಳಿನ ಬೆಲೆ ಆ ಬಿಲ್ಲಿನ ಯಾವ ಸಾಲಿನಲ್ಲಿಯೂ ಇಲ್ಲ. ಅದನ್ನು ತೆತ್ತವರು ಬೇರೆಯವರು. ಇನ್ನೊಂದು ಉತ್ತರ ಇದಕ್ಕೆ ವಿರುದ್ಧವಾದುದು: ಇಂಥ ಬಿಸಿಯೇ ಬೇಡ, ಎಲ್ಲವನ್ನೂ ತ್ಯಜಿಸೋಣ. ಕೇಳಲು ಇದು ಪವಿತ್ರವಾಗಿದೆ. ಆದರೆ ಮನೆಯಲ್ಲಿ ಹಾಗೆಂದು ತೀರ್ಮಾನಿಸುವವನು ಸಾಮಾನ್ಯವಾಗಿ ಗಟ್ಟಿಮುಟ್ಟಾದವನು. ನಡುಗುವವಳು ಅವನ ಅಜ್ಜಿ. ಇನ್ನೊಬ್ಬರ ದೇಹದಿಂದ ಮಾಡಿಸುವ ತ್ಯಾಗ ತ್ಯಾಗವಲ್ಲ.

ವಿದ್ಯುಜ್ಜಾಲದಲ್ಲಿ ಶರಾವತಿಯ ನೀರು, ಪಾವಗಡದ ಬಿಸಿಲು, ಕೈಗಾದ ಅಣುಶಕ್ತಿ, ರಾಯಚೂರಿನ ಕಲ್ಲಿದ್ದಲು ಎಲ್ಲವೂ ಬೆರೆತಿರುವಾಗ ನನ್ನ ಕೋಣೆಯ ಬಿಸಿ ಎಲ್ಲೂರಿನದೇ ಎಂದು ಹೇಗೆ ಹೇಳುವುದು ಎಂದು ಯಾರಾದರೂ ಕೇಳಿಯಾರು. ಹೇಳಲಾಗದು. ಆದರೆ ಕೋಣೆಗೆ ಬಿಸಿ ಬೇಕಾಗುವುದು ಹೆಚ್ಚಾಗಿ ರಾತ್ರಿಯಲ್ಲಿ. ಆಗ ಪಾವಗಡದಲ್ಲಿ ಬಿಸಿಲಿಲ್ಲ. ಅಲ್ಲದೆ ಲಿಂಗನಮಕ್ಕಿಯ ಜಲಾಶಯದಡಿಯಲ್ಲಿಯೂ ಊರುಗಳು ಮುಳುಗಿವೆ. ಎಲ್ಲ ಮೂಲಗಳೂ ಬೆರೆತಿವೆ ಎಂಬುದರಿಂದ ಋಣ ಇಲ್ಲವಾಗುವುದಿಲ್ಲ, ಋಣ ಕೊಟ್ಟವರ ಸಂಖ್ಯೆ ಹೆಚ್ಚುತ್ತದೆ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಎರಡು ಕೆಂಡದ ಬೆಂಕಿಗಳು ಬರುತ್ತವೆ. ಒಂದು, ಪ್ರಧಾನಯಾಜಕನ ಅಂಗಳದಲ್ಲಿ. ಚಳಿಯ ಆ ರಾತ್ರಿ ಸೇವಕರು ಹೊತ್ತಿಸಿದ ಬೆಂಕಿಯ ಬಳಿ ಪೇತ್ರನೂ ನಿಂತು ಚಳಿ ಕಾಯಿಸಿಕೊಳ್ಳುತ್ತಾನೆ. ಅಲ್ಲಿಯೇ ತನ್ನ ಗುರುವಿನ ಶಿಷ್ಯನು ತಾನಲ್ಲವೆಂದು ನಿರಾಕರಿಸುತ್ತಾನೆ. ಅವನು ಚಳಿ ಕಾಯಿಸಿಕೊಂಡದ್ದು ತಪ್ಪಾಗಿರಲಿಲ್ಲ. ಬೆಚ್ಚಗೆ ನಿಂತು, ಒಳಗೆ ನೋಯುತ್ತಿರುವವನಿಗೂ ತನಗೂ ಸಂಬಂಧವಿಲ್ಲವೆಂದದ್ದು ತಪ್ಪು. ಎರಡನೆಯ ಬೆಂಕಿ, ಪುನರುತ್ಥಾನದ ನಂತರ, ಸರೋವರದ ದಡದಲ್ಲಿ. ಅದನ್ನು ಹೊತ್ತಿಸಿದವರು ಪ್ರಭುವೇ. ರಾತ್ರಿಯೆಲ್ಲ ದುಡಿದು ಬಂದ ಬೆಸ್ತರಿಗಾಗಿ ಅದರ ಮೇಲೆ ಮೀನು ಇತ್ತು, ಜೊತೆಗೆ ರೊಟ್ಟಿಯಿತ್ತು. ಅಲ್ಲಿಯೇ ಪೇತ್ರನಿಗೆ ಮಂದೆಯ ಹೊಣೆ ದೊರೆಯಿತು. ಎರಡೂ ಕಡೆ ಕೆಂಡ ಒಂದೇ, ಬಿಸಿಯೂ ಒಂದೇ. ಒಂದರ ಬಳಿ ನಿರಾಕರಣೆ, ಇನ್ನೊಂದರ ಬಳಿ ಹೊಣೆ.

ಈ ಹೊಣೆ ನಮ್ಮ ಮನೆಗಳಲ್ಲಿ ಸಣ್ಣ ಕೆಲಸಗಳಿಂದಲೇ ಆರಂಭವಾಗಬಹುದು. ಕೋಣೆಗಿಂತ ಮೊದಲು ಮನುಷ್ಯನನ್ನು ಬೆಚ್ಚಗಿಡೋಣ: ಉಣ್ಣೆಯ ಬಟ್ಟೆ, ಕಾಲುಚೀಲ, ಬಿಸಿನೀರಿನ ಚೀಲ. ಬಾಗಿಲ ಕೆಳಗಿನ ಸಂದನ್ನು ಬಟ್ಟೆಯಿಂದ ಮುಚ್ಚಿ, ಇಡೀ ಮನೆಯ ಬದಲು ಹಿರಿಯರ ಒಂದು ಕೋಣೆಯನ್ನು ಬಿಸಿ ಮಾಡಿ, ಉಷ್ಣತಾ ನಿಯಂತ್ರಕವನ್ನು ಬೇಕಾದಷ್ಟಕ್ಕೇ ತಿರುಗಿಸೋಣ. 2000 ವಾಟ್‌ನ ಯಂತ್ರಕ್ಕೆ 16 ಆಂಪಿಯರ್‌ನ ಗೋಡೆಯ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ವಯರ್ ಸಲ್ಲದು. ಅದರ ಮೇಲೆ ಬಟ್ಟೆ ಒಣಗಿಸಬಾರದು. ಹೊಸದನ್ನು ಕೊಳ್ಳುವ ಶಕ್ತಿಯುಳ್ಳವರು, ಹೊರಗಿನ ಗಾಳಿಯ ಶಾಖವನ್ನೇ ಒಳಗೆ ತರುವ ಹೀಟ್ ಪಂಪ್ ಮಾದರಿಯ ಏರ್‌ಕಂಡೀಷನರ್ ಅದೇ ಬಿಸಿಯನ್ನು ಸುಮಾರು ಮೂರನೆಯ ಒಂದು ಪಾಲು ವಿದ್ಯುತ್ತಿನಲ್ಲಿ ಕೊಡುತ್ತದೆಂಬುದನ್ನು ನೆನಪಿಡಲಿ.

ಮನೆಯ ಹೊರಗೂ ನಮ್ಮ ಹೊಣೆಯಿದೆ. ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರ್ಪಡಿಸಲಾಗದೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬೋಧಿಸಿದರು. ಕಲ್ಲಿದ್ದಲಿನ ಯುಗವನ್ನು ಜಗತ್ತಿಗೆ ತೆರೆದ ಬ್ರಿಟನ್, 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. ಅಸಾಧ್ಯವೆನಿಸಿದ್ದೂ ಕಾಲಕ್ರಮದಲ್ಲಿ ಸಾಧ್ಯವಾಗುತ್ತದೆ. ಅಲ್ಲಿಯವರೆಗೆ ಎಲ್ಲೂರಿನವರು ಶುದ್ಧ ಗಾಳಿ ಮತ್ತು ನೀರಿಗಾಗಿ ಕೇಳುವಾಗ, ಅಭಿವೃದ್ಧಿಗೆ ಅಡ್ಡಿ ಮಾಡುವವರೆಂದು ಅವರನ್ನು ಜರೆಯದಿರೋಣ. ಅವರು ಕೇಳುತ್ತಿರುವುದು ನಾವು ಉಳಿಸಿಕೊಂಡಿರುವ ಬಾಕಿಯನ್ನು.

ಆಗಮನ ಕಾಲದ ಚಳಿಯಲ್ಲಿ, ಘಟ್ಟದ ಮೇಲೆಯೋ ಕಡಲಾಚೆಯೋ ಇರುವ ನಮ್ಮ ಕುಟುಂಬಗಳು ರೇಡಿಯೇಟರಿನ ಗುಂಡಿ ಒತ್ತಿ ಸಂಜೆಯ ಜಪಸರಕ್ಕೆ ಕೂರುವಾಗ, ಆ ಬಿಸಿಯ ಇನ್ನೊಂದು ತುದಿಯಲ್ಲಿ ವಾಸಿಸುವವರಿಗಾಗಿಯೂ ಒಂದು ಪ್ರಾರ್ಥನೆ ಸೇರಲಿ. ಯಾರಿಗಾಗಿ ಪ್ರಾರ್ಥಿಸುತ್ತೇವೆಯೋ ಅವರನ್ನು ಅರಿಯೆವೆಂದು ಹೇಳುವುದು ಮುಂದೆ ಸುಲಭವಾಗಲಾರದು.