ಹಾಡು ಒಳಗೆ, ಹಾಡುವವರು ಹೊರಗೆ

ಜೋಳದ ರೊಟ್ಟಿ ಬಡಿಯುವುದಕ್ಕೂ ಒಂದು ತಾಳವಿದೆ. ದೇವದುರ್ಗದ ತವರಿನಲ್ಲಿ ಅವ್ವನನ್ನು ನೋಡಿ ಕಲಿತದ್ದು ಅದು. ರಾಯಚೂರಿನ ನಮ್ಮ ಮನೆಯಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತಿದ್ದಾಗ, ಬೆಂಗಳೂರಿನಿಂದ ರಜೆಗೆ ಬಂದಿದ್ದ ಮಗಳು ಒಂದು ಹಾಡು ಹಾಕಿದಳು. ಮಾತು ತಿಳಿಯಲಿಲ್ಲ. ಆದರೆ ಬೀಳುವ ಕಡೆ ಬೀಳದೆ, ತುಸು ತಡೆದು ನಡುವೆ ಬೀಳುವ ಆ ಪೆಟ್ಟಿಗೆ ನನ್ನ ಕೈ ತಾನೇ ಹೊಂದಿಕೊಂಡಿತು.

"ಇದು ರೆಗೆ ಅವ್ವ. ಜಮೈಕಾದ ಬಾಬ್ ಮಾರ್ಲಿ ಹಾಡಿದ್ದು" ಎಂದಳು. ಕೆ.ಪಿ. ಲಕ್ಷ್ಮಣ್ ನಿರ್ದೇಶನದ ‘ಬಾಬ್ ಮಾರ್ಲಿ ಫ್ರಂ ಕೋಡಿಹಳ್ಳಿ’ ಎಂಬ ಕನ್ನಡ ನಾಟಕ ನೋಡಿ ಬಂದಿದ್ದಳು. ಪಟ್ಟಣದಲ್ಲಿ ಜಾತಿಯ ಗುರುತಿನ ಭಾರ ಹೊತ್ತು ಬದುಕುವ ದಲಿತ ಯುವಜನರ ನಾಟಕವಂತೆ.

ಎಲ್ಲಿಯ ಜಮೈಕಾ, ಎಲ್ಲಿಯ ನಮ್ಮೂರು ಎನ್ನಬೇಡಿ. ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಹಿಡಿದೊಯ್ದ ಗುಲಾಮರ ದ್ವೀಪ ಅದು. 1838ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ, 1845ರಿಂದ ನಮ್ಮ ದೇಶದ ಬಡವರನ್ನೂ ಕರಾರು ಕೂಲಿಗಳಾಗಿ ಹಡಗಿನಲ್ಲಿ ಅಲ್ಲಿಗೆ ಸಾಗಿಸಿದರು. ಅವರು ಮೊಹರಮ್ಮಿನ ಮೆರವಣಿಗೆಯನ್ನೂ ಜೊತೆಗೆ ಒಯ್ದರು. ಅಲ್ಲಿ ಅದಕ್ಕೆ ‘ಹೊಸೇ’ ಎಂದು ಹೆಸರಾಯಿತು. ನಮ್ಮ ಜಿಲ್ಲೆಯಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಅಲಾಯಿ ಕುಣಿಯುವಾಗ ಮೊಳಗುವ ಸದ್ದಿಗೆ ಅಲ್ಲೊಬ್ಬ ದೂರದ ನೆಂಟನಿದ್ದಾನೆ.

1963ರಲ್ಲಿ ಕಿಂಗ್‌ಸ್ಟನ್ನಿನ ಬಡವರ ಕೇರಿಯಲ್ಲಿ ಮಾರ್ಲಿ ಮತ್ತು ಗೆಳೆಯರು ‘ವೇಯ್ಲರ್ಸ್’ ಎಂಬ ತಂಡ ಕಟ್ಟಿದರು. ಹಸಿವು, ಅವಮಾನ, ಬಿಡುಗಡೆ ಅವರ ಹಾಡಾದವು. 1976ರ ಡಿಸೆಂಬರ್ 3ರಂದು ಮನೆಗೆ ನುಗ್ಗಿದವರು ಮಾರ್ಲಿಗೆ ಗುಂಡು ಹೊಡೆದರು. ಎರಡೇ ದಿನಕ್ಕೆ ಆತ ವೇದಿಕೆ ಹತ್ತಿ ಹಾಡಿದ. 1978ರ ಏಪ್ರಿಲ್ 22ರಂದು ಬದ್ಧವೈರಿಗಳಾದ ಇಬ್ಬರು ರಾಜಕೀಯ ನಾಯಕರ ಕೈಗಳನ್ನು ವೇದಿಕೆಯ ಮೇಲೆ ಜೋಡಿಸಿ ಎತ್ತಿ ಹಿಡಿದ. ಆದರೂ 1980ರ ಚುನಾವಣೆಯ ಹೊತ್ತಿಗೆ ಅಲ್ಲಿ ನೂರಾರು ಜನ ಕೊಲೆಯಾದರು.

ಹಾಗಾದರೆ ಹಾಡು ಮಾಡಿದ್ದೇನು? ಇದನ್ನೇ ಮಗಳಿಗೆ ಕೇಳಿದೆ. ಆಕೆ ಉತ್ತರ ಕೊಡಲಿಲ್ಲ. "ಈ ಮಾರ್ಲಿ ಮಾನ್ವಿಯ ನಮ್ಮ ಮನೀಗೆ ಬಂದಿದ್ರ ಯಾವ ಲೋಟದಾಗ ಚಾ ಕೊಡ್ತಿದ್ದಿ?" ಎಂದು ಕೇಳಿದಳು.

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ಮಾನ್ವಿಯಲ್ಲಿ ನನ್ನ ಗಂಡನ ಮನೆ. ಅಲ್ಲಿ ಹೊರಗೋಡೆಯ ಗೂಡಿನಲ್ಲಿ ಎರಡು ಲೋಟಗಳಿದ್ದವು. ನನ್ನ ಮದುವೆಗೆ ಹಲಗೆ ಬಾರಿಸಿದವರಿಗೆ ಅತ್ತೆ ಅವುಗಳಲ್ಲೇ ಚಹಾ ಹೊಯ್ಯುತ್ತಿದ್ದರು, ಮೇಲಿನಿಂದ. ಅತ್ತೆಗೆ ಕೈಲಾಗದ ಮೇಲೆ ನಾನು ಹೊಯ್ದೆ. ಅದೇ ನಾನು ರಾಯಚೂರಿನ ಸಭೆಯೊಂದರಲ್ಲಿ ಸಿದ್ಧಲಿಂಗಯ್ಯನವರ ಹಾಡು ಕೇಳಿ ಕಣ್ಣೊರೆಸಿಕೊಂಡಿದ್ದೆ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬರೆದವರು ಅವರು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಮೊಳಗಿದ ಹಾಡುಗಳು ಅವರವು. ಕಣ್ಣೀರು ಸುಳ್ಳಾಗಿರಲಿಲ್ಲ. ಆದರೆ ಗೂಡಿನ ಲೋಟವೂ ಸುಳ್ಳಲ್ಲವಲ್ಲ!

ಹಾಡು ಹೊಸ್ತಿಲವರೆಗೆ ಬರುತ್ತದೆ. ಒಳಗೆ ಕರೆಯಬೇಕಾದವರು ನಾವು. ಅದು ಲೋಕವನ್ನು ಬದಲಿಸಲಿಲ್ಲವೆಂದು ದೂರುವ ಮೊದಲು, ಕೇಳಿದ ನಾನು ಎಷ್ಟು ಬದಲಾದೆ ಎಂದು ಲೆಕ್ಕ ಹಾಕಬೇಡವೇ?

ಮುಂದಿನ ಮೊಹರಮ್ಮಿಗೆ ಮಾನ್ವಿಗೆ ಹೋದಾಗ, ನನ್ನ ಮದುವೆಗೆ ಬಾರಿಸಿದ ಹಿರಿಯರೇ ಹಲಗೆ ಹೆಗಲಿಗೆ ಹಾಕಿಕೊಂಡು ಬಂದರು. "ಒಳಗ ಬರ್ರಿ ಕಾಕಾ, ಚಾ ಕುಡಿಯೂಣು" ಎಂದೆ. "ಇರ್ಲಿ ಬಿಡ್ರಿ ಅಮ್ಮಾರೆ, ಇಲ್ಲೇ ಕುಡೀತೀನಿ" ಎಂದು ಕಟ್ಟೆಯ ಕೆಳಗೇ ನಿಂತರು. ಅಷ್ಟು ವರ್ಷ ಮುಚ್ಚಿದ ಬಾಗಿಲು ಒಂದು ಕರೆಗೆ ತೆರೆಯಬೇಕೆಂದರೆ ಹೇಗೆ? ಅಡುಗೆಮನೆಯ ಲೋಟಗಳಲ್ಲೇ ಇಬ್ಬರಿಗೂ ಚಹಾ ತಂದು, ನಾನೂ ಕಟ್ಟೆ ಇಳಿದು ಅವರ ಪಕ್ಕ ನಿಂತು ಕುಡಿದೆ. ಅವರು ನನ್ನ ಮುಖ ನೋಡದೆ ಬೇಗ ಬೇಗ ಕುಡಿದು ಹೊರಟರು.

ಆಮೇಲೆ ಲೋಟ ತೊಳೆಯುವಾಗ ನನ್ನ ಕೈ ಒಂದು ಕ್ಷಣ ತಡೆಯಿತು. ನಾಚಿಕೆಯಾದರೂ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಹಾಡು ಕಿವಿಗೆ ಇಳಿಯಲು ಮೂರು ನಿಮಿಷ ಸಾಕು. ಕೈಗೆ ಇಳಿಯಲು ಎಷ್ಟು ವರ್ಷ ಬೇಕೋ! ನಿಮ್ಮ ಮನೆಯ ಗೂಡನ್ನೂ ಒಮ್ಮೆ ನೋಡಿ ಬನ್ನಿ.