ಬ್ರೇಕ್ ಆಯಿಲ್ ಮತ್ತು ನಿತ್ಯಕರ್ಮ

ಅಪ್ಪನ ಮಾರುತಿ 800ರ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. 2005ರಲ್ಲಿ ಕಾರು ಮನೆಗೆ ಬಂದ ದಿನದಿಂದ ಅದರಲ್ಲಿ ಬರೆಯುತ್ತ ಬಂದವರು ಅವರು. ತಾರೀಕು, ಓಡಿದ ಕಿಲೋಮೀಟರ್, ಮಾಡಿಸಿದ ಕೆಲಸ, ಕೊಟ್ಟ ಹಣ. ಎಂಜಿನ್ ಆಯಿಲ್, ಫಿಲ್ಟರ್, ಪ್ಲಗ್ಗು ಮೂರು, ಟೈಮಿಂಗ್ ಬೆಲ್ಟ್. ಹಾಜರಿ ಪುಸ್ತಕ ತುಂಬಿ ಅಭ್ಯಾಸವಾದ ಮೇಷ್ಟರ ಅಕ್ಷರ. ಚಿಕ್ಕವಳಿದ್ದಾಗ ನನಗೆ ಅದು ನಗುವ ವಿಷಯವಾಗಿತ್ತು.

ಕಳೆದ ಬೇಸಿಗೆಯಲ್ಲಿ ಬಾಕಿ ಉಳಿದಿದ್ದ ಫೆಲೋಶಿಪ್ ಹಣ ಒಟ್ಟಿಗೇ ಬಂತು. ತೀರ್ಥಹಳ್ಳಿಗೆ ಹೋದವಳೇ ಕಾರಿಗೆ ಟಚ್‌ಸ್ಕ್ರೀನ್ ಸ್ಟೀರಿಯೊ, ಹಿಂದೆ ಕ್ಯಾಮೆರಾ, ಹೊಸ ಸೀಟ್ ಕವರ್, ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬು ಎಲ್ಲ ಹಾಕಿಸಿದೆ. ಅಪ್ಪ ಸೀಟಿನ ಮೇಲೆ ಕೈಯಾಡಿಸಿ "ಚೆನ್ನಾಗಿದೆ" ಅಂದರು. ಅಷ್ಟೇ.

ಮರುವಾರ ಉಡುಪಿ ಕಡೆ ಒಂದು ಮದುವೆ. ಆಗುಂಬೆ ಘಾಟಿ ಇಳಿಯುವಾಗ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ರಸ್ತೆ ಅದು. ಗೇರಿನಲ್ಲಿ ಹಿಡಿದು ಇಳಿಯಬೇಕಾದಲ್ಲಿ ನಾನು ಬ್ರೇಕ್ ಒತ್ತುತ್ತಲೇ ಬಂದೆ. ಅರ್ಧ ದಾರಿಯಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಒತ್ತಿದಷ್ಟೂ ಒಳಕ್ಕೆ ಹೋಯಿತು. "ಫಸ್ಟಿಗೆ ಹಾಕು, ಹ್ಯಾಂಡ್ ಬ್ರೇಕ್ ನಿಧಾನ ಎಳಿ," ಅಂದರು ಅಪ್ಪ, ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಡುವ ದನಿಯಲ್ಲಿ. ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಮಾತಾಡಲಿಲ್ಲ. ಮುಕ್ಕಾಲು ಗಂಟೆ ಮಂಗಗಳನ್ನು ನೋಡುತ್ತ ಕೂತೆವು. ಪೆಡಲ್ ಮತ್ತೆ ಗಟ್ಟಿಯಾದ ಮೇಲೆ ಫಸ್ಟ್ ಗೇರಿನಲ್ಲೇ ತೆವಳಿ ಸೋಮೇಶ್ವರ ಮುಟ್ಟಿದೆವು.

ಹೆಬ್ರಿಯ ಗ್ಯಾರೇಜಿನವರು ಬ್ರೇಕ್ ಆಯಿಲಿನ ಡಬ್ಬಿ ಬಿಚ್ಚಿದರು. ಒಳಗಿದ್ದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. "ಯಾವಾಗ ಬದಲಾಯಿಸಿದ್ದು ಸಾರ್?" ಅಪ್ಪ ನೋಟ್‌ಬುಕ್ ತೆಗೆದರು. ಕೊನೆಯ ದಾಖಲೆ ಇದ್ದದ್ದು 2022ರ ನವೆಂಬರಿನದು. ಆಮೇಲೆ ಖಾಲಿ ಪುಟಗಳು. ಮೊದಲು ಕಣ್ಣಿನ ಪೊರೆ, ಆಮೇಲೆ ಮಂಡಿ ನೋವು. "ಓಡೋದೇ ಕಡಿಮೆ ಆಯ್ತಲ್ಲ, ಏನು ಮಾಡಿಸೋದು ಅಂತ ಬಿಟ್ಟೆ," ಅಂದರು. ನನಗಲ್ಲ, ಗ್ಯಾರೇಜಿನವರಿಗೆ.

ನನ್ನ ಪ್ರಬಂಧದ ಎರಡನೇ ಅಧ್ಯಾಯ ನಿತ್ಯಕರ್ಮದ ಬಗ್ಗೆ. ಸಂಧ್ಯಾವಂದನೆಯಂಥ ನಿತ್ಯಕರ್ಮವನ್ನು ಮಾಡಿದರೆ ಬೇರೆ ಫಲವೇನೂ ಇಲ್ಲ, ಬಿಟ್ಟರೆ ಮಾತ್ರ ದೋಷ ಎನ್ನುವುದು ಮೀಮಾಂಸಕರಲ್ಲಿ ಪ್ರಸಿದ್ಧವಾದ ನಿಲುವು. ಆ ದೋಷಕ್ಕೆ ಪ್ರತ್ಯವಾಯ ಎಂದು ಹೆಸರು. ಶಂಕರರು ಇದಕ್ಕೆ ಆಕ್ಷೇಪಿಸುತ್ತಾರೆ. ಮಾಡದಿರುವುದು ಎಂದರೆ ಅಭಾವ, ಇಲ್ಲದಿರುವಿಕೆ. ಇಲ್ಲದ್ದರಿಂದ ಇರುವಂಥದ್ದೊಂದು, ಅಂದರೆ ಪಾಪ, ಹುಟ್ಟುವುದು ಹೇಗೆ? ಎರಡು ವರ್ಷದಿಂದ ನಾನು ಈ ಪ್ರಶ್ನೆಯ ಸುತ್ತ ಟಿಪ್ಪಣಿ ಬರೆಯುತ್ತಿದ್ದೇನೆ. ಹೆಬ್ರಿಯವರು ಪೈಪಿನಿಂದ ಹಳೆ ಆಯಿಲ್ ಇಳಿಸುತ್ತ ಎರಡು ಮಾತಿನಲ್ಲಿ ಹೇಳಿದರು: "ಗಾಡಿ ನಿಂತಿದ್ರೂ ಇದು ನೀರು ಕುಡೀತದೆ. ಬಿಸಿಯಾದಾಗ ಆ ನೀರು ಆವಿ ಆಗ್ತದೆ, ಪೆಡಲ್ ಒಳಗೆ ಹೋಗ್ತದೆ."

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ. ಅದಕ್ಕೇ ಓಡಲಿ ಬಿಡಲಿ, ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಟೈರಿನ ಕತೆಯೂ ಹೀಗೆಯೇ. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಅದರ ಜಾತಕವಿರುತ್ತದೆ. 1417 ಎಂದಿದ್ದರೆ 2017ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ಹಲ್ಲು ಸವೆಯದಿದ್ದರೂ ರಬ್ಬರು ಬಿರಿಯುತ್ತದೆ. ಹಾಗಾದರೆ ನಾವು ಬಿಟ್ಟ ಕೆಲಸ ಏನನ್ನೂ ಹುಟ್ಟಿಸುವುದಿಲ್ಲ. ಶಂಕರರು ಹೇಳಿದ್ದು ಸರಿಯೇ. ಕೆಲಸ ಮಾಡುವುದು ಕಾಲ. ಅದಕ್ಕೆ ನಿತ್ಯವೂ ಅಡ್ಡ ನಿಂತಿದ್ದ ಕೈಯೊಂದು ಸರಿದಿರುತ್ತದೆ. ಇದು ಮೀಮಾಂಸಕರಿಗೆ ಒಪ್ಪಿಗೆಯಾಗುತ್ತದೋ ಗೊತ್ತಿಲ್ಲ. ನನ್ನ ಗೈಡ್ ಒಪ್ಪಿಲ್ಲ.

ಹಲಗೆ ಹಲಗೆಯಾಗಿ ಬದಲಾದ ಥೀಸಿಯಸನ ಹಡಗು ಹಳೆಯ ಹಡಗೇ ಹೌದೋ ಎಂದು ಬಿಎ ತರಗತಿಯಿಂದಲೂ ಚರ್ಚಿಸುತ್ತೇವೆ. ಆ ಹಲಗೆ ಬದಲಾಯಿಸುತ್ತಿದ್ದವರು ಯಾರು, ಅವರಿಗೆ ವಯಸ್ಸಾದಾಗ ಏನಾಯಿತು ಎಂದು ಪರೀಕ್ಷೆಯಲ್ಲಿ ಯಾರೂ ಕೇಳಿದ ನೆನಪಿಲ್ಲ.

ಹೊಸದು ಸೇರಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹಿಂದಿನ ಕ್ಯಾಮೆರಾ ಅಪ್ಪನಿಗೆ ನಿಜವಾಗಿ ಉಪಯೋಗಕ್ಕೆ ಬಂದಿದೆ, ಕುತ್ತಿಗೆ ತಿರುಗಿಸುವುದು ಅವರಿಗೀಗ ಕಷ್ಟ. ಎಲ್‌ಇಡಿಯ ವಿಷಯ ಮಾತ್ರ ಬೇರೆ. ಹ್ಯಾಲೊಜನ್ ಬಲ್ಬಿಗಾಗಿ ಮಾಡಿದ ಹಳೆಯ ರಿಫ್ಲೆಕ್ಟರಿನೊಳಗೆ ಅದನ್ನು ಕೂರಿಸಿದರೆ ಬೆಳಕು ಚೆದರಿ ಎದುರಿನವರ ಕಣ್ಣಿಗೆ ಬಡಿಯುತ್ತದೆ. ಒಂದು ರಾತ್ರಿ ಅಪ್ಪ ನನ್ನನ್ನು ಅಂಗಳದ ತುದಿಯಲ್ಲಿ ನಿಲ್ಲಿಸಿ ಲೈಟ್ ಹಾಕಿದರು. "ಎದುರಿಗೆ ಬರೋನಿಗೆ ಕಣ್ಣು ಕಾಣೋದು ಬೇಡ್ವಾ?" ಪೊರೆ ಬಂದ ದಿನಗಳಲ್ಲಿ ಅವರೇ ಆ ಎದುರಿಗೆ ಬರುವವರಾಗಿದ್ದರು. ಮರುದಿನ ಹಳೆ ಬಲ್ಬು ಹಾಕಿಸಿ, ತುಕ್ಕು ಹಿಡಿದ ಅರ್ಥಿಂಗ್ ವೈರು ಉಜ್ಜಿಸಿ, ಒಂದು ರಿಲೇ ಸೇರಿಸಿದೆವು. ಬೆಳಕು ಸಾಕಷ್ಟಾಯಿತು. ಹೊರಗಿನಿಂದ ನೋಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ.

ಇಪ್ಪತ್ತು ವರ್ಷದ ಕಾರು. 2020ರಲ್ಲಿ ಹದಿನೈದು ತುಂಬಿದಾಗ ಒಮ್ಮೆ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿದ್ದರು, ಈಗ ಮತ್ತೆ ಆ ಸರದಿ. ಎಷ್ಟು ಜೋಪಾನ ಮಾಡಿದರೂ ಇದಕ್ಕೆ ಏರ್‌ಬ್ಯಾಗ್ ಬರುವುದಿಲ್ಲ. ಅಮ್ಮನನ್ನು ಅದರಲ್ಲಿ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವುದು ಅಕ್ಕರೆಯೋ ಹಟವೋ? ನನಗೆ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಪೇಟೆಯಿಂದಾಚೆ ಬಸ್ಸು ಎಂದು ಮೂವರೂ ಒಪ್ಪಿಕೊಂಡಿದ್ದೇವೆ.

ಆ ಖಾಲಿ ಪುಟಗಳನ್ನು ನಾನು ಎರಡು ವರ್ಷ ನೋಡಲೇ ಇಲ್ಲ ಎನ್ನುವುದು ಕಾಡುತ್ತದೆ. ಪ್ರತಿ ರಜೆಗೂ ಅದೇ ಕಾರಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಂದಿದ್ದೆ. ಅಪ್ಪನ ಬರವಣಿಗೆ ನಿಂತದ್ದು ಗೊತ್ತಾಗಲು ಖಾನೆಯ ಮುಚ್ಚಳ ತೆರೆದರೆ ಸಾಕಿತ್ತು.

ಈಗ ನಾನು ಬರೆಯುತ್ತೇನೆ. ಮೊನ್ನೆ ಗ್ಯಾರೇಜಿನಿಂದ ಬಂದು ತಾರೀಕು, ಕಿಲೋಮೀಟರ್, ಕೂಲೆಂಟ್, ವೈಪರ್ ರಬ್ಬರ್, ನಾಲ್ಕು ಟೈರಿನ ಗಾಳಿ ಎಂದೆಲ್ಲ ಗುರುತು ಹಾಕಿ ನೋಟ್‌ಬುಕ್ ಅವರ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು.

"ಸ್ಟೆಪ್ನಿ?"

ನೋಡಿರಲಿಲ್ಲ. ಪಂಪು ಹುಡುಕಿಕೊಂಡು ಅಂಗಳಕ್ಕೆ ಇಳಿದೆ.