ಅರ್ಜಿಯೂ ಒಂದು ಸಾಕ್ಷ್ಯ



ನಿಮ್ಮ ಮನೆ ಸಿಂಧನೂರಿನಲ್ಲಿದೆ ಎಂದಿಟ್ಟುಕೊಳ್ಳಿ. ಮಗ ಎಂ.ಕಾಂ. ಮುಗಿಸಿದ್ದಾನೆ, ಮಗಳು ಎಂದುಕೊಂಡರೂ ಮಾತು ಬದಲಾಗುವುದಿಲ್ಲ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಗುವಂತಿದೆ. ಆದರೆ ಅವನಿಗೆ ಲೆಕ್ಕಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ಹಂಬಲ. ಅರ್ಜಿಯೊಂದಿಗೆ ತಾನು ಏನನ್ನು, ಏಕೆ, ಹೇಗೆ ಸಂಶೋಧಿಸಲಿದ್ದೇನೆ ಎಂಬ ಪ್ರಸ್ತಾವನೆ ಕೊಡಬೇಕು. ಎಲ್ಲರೂ ಸಿನಾಪ್ಸಿಸ್ ಎಂದು ಕರೆಯುವುದು ಇದನ್ನೇ. ರಾತ್ರಿ ಊಟಕ್ಕೆ ಕುಳಿತಾಗ ಅವನು ಮೆಲ್ಲನೆ ಕೇಳುತ್ತಾನೆ: "ಅಬ್ಬಾ, ದುಡ್ಡು ಕೊಟ್ಟರೆ ಸಿನಾಪ್ಸಿಸ್ ಬರೆದುಕೊಡುವವರು ಇದ್ದಾರಂತೆ. ಬರೆಸಲೇ?"

ನೀವು ಏನು ಹೇಳುವಿರಿ?

ಹಲವರು ಹೇಳುವ ಉತ್ತರ ನಮಗೆ ಗೊತ್ತಿದೆ. "ಅದು ಬರೀ ಬಾಗಿಲು ಮಗನೇ, ಒಳಗೆ ಹೋದ ಮೇಲೆ ಪ್ರಾಮಾಣಿಕವಾಗಿ ದುಡಿ." ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೀಗೆ ಹೇಳುವ ತಂದೆ ಕೆಟ್ಟವನಲ್ಲ. ಮಗನ ಸಾಮರ್ಥ್ಯದ ಮೇಲೆ ಅವನಿಗೆ ನಂಬಿಕೆಯಿದೆ, ಒಂದು ಕಾಗದದ ತುಂಡಿಗಾಗಿ ಅವನ ಬದುಕು ನಿಂತುಹೋಗಬಾರದು ಎಂಬ ಕಳಕಳಿಯಿದೆ. ಆದರೂ ಆ ಮಾತಿನಲ್ಲಿ ಒಂದು ತಪ್ಪು ಅಡಗಿದೆ. ಲೆಕ್ಕಶಾಸ್ತ್ರದ ವಿದ್ಯಾರ್ಥಿಗೆ ಅದು ಬೇರೆಲ್ಲರಿಗಿಂತ ಬೇಗ ಕಾಣಬೇಕು.

ಲೆಕ್ಕ ಬರೆಯುವುದೆಂದರೇನು? ಕಣ್ಣಾರೆ ಕಾಣದವನಿಗೆ ನಡೆದದ್ದನ್ನು ನಡೆದ ಹಾಗೆಯೇ ತಿಳಿಸುವುದು. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ನಮಾಝಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತವನ್ನು ತೆರೆದು ನೋಡಿ. ಬರೆಯುವವನು ಇಬ್ಬರ ನಡುವೆ ನ್ಯಾಯದಿಂದ ಬರೆಯಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂಬ ಆದೇಶ ಅಲ್ಲಿದೆ. ಲೇಖಕ ಮತ್ತು ಸಾಕ್ಷಿ ಅಲ್ಲಿ ಒಟ್ಟೊಟ್ಟಿಗೇ ಬರುತ್ತಾರೆ. ಹಾಗಿರುವಾಗ 'ಇದು ನನ್ನ ಬರಹ' ಎಂದು ಸಹಿ ಹಾಕಿ ಇನ್ನೊಬ್ಬನ ಬರಹವನ್ನು ಕೊಡುವವನು ಬಾಗಿಲನ್ನಷ್ಟೇ ದಾಟಿದನೆಂದು ಹೇಗೆ ಹೇಳುವುದು? ತಾನು ಕಲಿಯಹೊರಟ ವಿದ್ಯೆಯ ಮೊದಲ ಪುಟದಲ್ಲೇ ಅವನು ಸುಳ್ಳು ಲೆಕ್ಕ ಬರೆದಂತಾಯಿತು.

ಮಸ್ಕಿಯವರಿಗೆ ಬರಹದ ಕೆಳಗಿನ ಹೆಸರಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರು ಅಲ್ಲಿಯ ಬಂಡೆಶಾಸನವನ್ನು ಕಂಡುಹಿಡಿಯುವವರೆಗೆ ಸಿಕ್ಕಿದ್ದ ಅಂಥ ಶಾಸನಗಳಲ್ಲಿ ಅರಸನ ಬಿರುದು ಮಾತ್ರವಿತ್ತು. ಅಶೋಕ ಎಂಬ ಹೆಸರು ಮಸ್ಕಿಯ ಬಂಡೆಯಲ್ಲಿ ಓದಲು ಸಿಕ್ಕಿತು. ಆ ಒಂದು ಹೆಸರನ್ನು ನಂಬಿ ಇತಿಹಾಸ ಎಷ್ಟು ದೂರ ನಡೆಯಿತು!

ಒಳಗೆ ಹೋದ ಮೇಲೆ ಸರಿಹೋಗುತ್ತದೆ ಎನ್ನುವವರಿಗೆ ಒಂದು ಘಟನೆ ಹೇಳಬೇಕು. ಅಮೆರಿಕದ ಬೆಂಟ್ಲಿ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಹಂಟನ್ ಎಂಬ ಹೆಸರಾಂತ ಲೆಕ್ಕಶಾಸ್ತ್ರ ಪ್ರಾಧ್ಯಾಪಕರಿದ್ದರು. ಲೆಕ್ಕಪರಿಶೋಧಕರು ವಂಚನೆಯನ್ನು ಹೇಗೆ ಪತ್ತೆಹಚ್ಚಬೇಕೆಂಬ ಬಗ್ಗೆ ಅವರು ಬರೆದ ಒಂದು ಲೇಖನದಲ್ಲಿ, ಒಂದೇ ಸಂಸ್ಥೆಯ 150 ಕಚೇರಿಗಳಲ್ಲಿ ಅಧ್ಯಯನ ನಡೆಸಿದ್ದಾಗಿ ಹೇಳಲಾಗಿತ್ತು. ಆ ಸಂಸ್ಥೆಗೆ ಅಮೆರಿಕದಲ್ಲಿ ಅಷ್ಟು ಕಚೇರಿಗಳೇ ಇರಲಿಲ್ಲ! 2012ರಲ್ಲಿ ಅವರು ಹುದ್ದೆ ಬಿಟ್ಟರು. 2014ರಲ್ಲಿ ವಿಶ್ವವಿದ್ಯಾನಿಲಯದ ತನಿಖೆ ಅವರು ಅಂಕಿಅಂಶಗಳನ್ನು ಕಲ್ಪಿಸಿ ಬರೆದಿದ್ದರೆಂದು ತೀರ್ಮಾನಿಸಿತು. ಅವರ 30ಕ್ಕೂ ಹೆಚ್ಚು ಲೇಖನಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು. ವಂಚನೆಯನ್ನು ಹಿಡಿಯುವ ವಿದ್ಯೆಯಲ್ಲೇ ವಂಚನೆ! ನಮ್ಮ ನೆರೆಯ ಹೈದರಾಬಾದಿನ ಸತ್ಯಂ ಕಂಪೆನಿಯ ಕಥೆ ನಿಮಗೆ ನೆನಪಿರಬಹುದು. 2009ರ ಜನವರಿಯಲ್ಲಿ ಅದರ ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡಂತೆ, ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಸಣ್ಣದಾಗಿ ಆರಂಭವಾದ ಅಂತರ ವರ್ಷ ವರ್ಷ ಬೆಳೆಯಿತೆಂದು ಆ ಪತ್ರದಲ್ಲೇ ಇತ್ತು.

ಇನ್ನೊಂದು ಮಾತನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಯು.ಜಿ.ಸಿ.ಯ 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕ ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕ 6, ಸಹಾಯಕ ಪ್ರಾಧ್ಯಾಪಕ 4 ಸಂಶೋಧನಾರ್ಥಿಗಳಿಗಷ್ಟೇ ಮಾರ್ಗದರ್ಶನ ನೀಡಬಹುದು. ರಾಯಚೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದು ಹೆಚ್ಚು ವರ್ಷಗಳಾಗಿಲ್ಲ. ಅದಕ್ಕೆ ಮೊದಲು ನಮ್ಮ ಮಕ್ಕಳು 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ವಿಶ್ವವಿದ್ಯಾನಿಲಯದ ಕಡೆಗೇ ನೋಡುತ್ತಿದ್ದರು. ಇರುವ ಸ್ಥಾನಗಳು ಬೆರಳೆಣಿಕೆಯವು. ಕೊಂಡ ಪ್ರಸ್ತಾವನೆಯಿಂದ ಒಬ್ಬ ಒಳಗೆ ಹೋದರೆ, ರಾತ್ರಿಯೆಲ್ಲ ಕುಳಿತು ತಾನೇ ಬರೆದ ಲಿಂಗಸುಗೂರಿನ ಇನ್ನಾವುದೋ ಹುಡುಗಿ ಹೊರಗೆ ಉಳಿಯುತ್ತಾಳೆ. ತೌಬಾದಿಂದ ಅಲ್ಲಾಹನ ಹಕ್ಕಿನ ಲೋಪಕ್ಕೆ ಕ್ಷಮೆ ಸಿಗಬಹುದು. ಆದರೆ ಹೆಸರೂ ಗೊತ್ತಿಲ್ಲದ ಆ ಹುಡುಗಿಯ ಹಕ್ಕನ್ನು ಯಾರಿಗೆ ಹಿಂದಿರುಗಿಸುವುದು?

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವಿದೆ, ಅದನ್ನು ಮರೆಮಾಚಬಾರದು. ಪ್ರೊಫೆಸರರ ಮಗನಿಗೆ ಮನೆಯಲ್ಲೇ ತಿದ್ದಿಕೊಡುವವರಿರುತ್ತಾರೆ. ಮಸ್ಕಿಯ ಸರಕಾರಿ ಕಾಲೇಜಿನಲ್ಲಿ ಓದಿದ ಗುಮಾಸ್ತರ ಮಗನಿಗೆ ಯಾರಿದ್ದಾರೆ? 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಕೂಡ 2022-23ರಿಂದ ನಿಂತುಹೋಯಿತು. ಈ ಅಸಮಾನತೆ ನಿಜ. ಆದರೆ ಅದು ಕೊಳ್ಳುವುದಕ್ಕೆ ಅನುಮತಿಯಲ್ಲ. ಸಹಾಯ ಮಾಡಬಲ್ಲವರ ಮೇಲಿನ ಹೊಣೆ. ನಮ್ಮಲ್ಲಿ ಪದವಿ ಪಡೆದು ಬೆಂಗಳೂರು ಸೇರಿದವರು ಎಷ್ಟಿಲ್ಲ! ವರ್ಷಕ್ಕೆ ಒಬ್ಬ ಹುಡುಗನ ಹತ್ತು ಪುಟ ಓದಿ, ಪ್ರಶ್ನೆ ಕೇಳಿ ಹಿಂದಿರುಗಿಸಲು ಅವರಿಗೆ ಬಿಡುವಿಲ್ಲವೇ? ಭಾಷೆ ತಿದ್ದಿಸಿಕೊಳ್ಳುವುದು, ಯಾವ ಪುಸ್ತಕ ನೋಡಬೇಕೆಂದು ಕೇಳುವುದು ತಪ್ಪೆಂದು ನಾನು ಭಾವಿಸುವುದಿಲ್ಲ. ಪ್ರಶ್ನೆ ಮಾತ್ರ ಅವನದೇ ಆಗಿರಬೇಕು. ಸಂದರ್ಶನದಲ್ಲಿ ಎದುರಿಗಿರುವವರು "ಇದೇ ವಿಷಯ ಏಕೆ?" ಎಂದು ಕೇಳಿದಾಗ ಬಾಯಿಪಾಠ ನೆರವಿಗೆ ಬರುವುದಿಲ್ಲ.

ಪ್ರಶ್ನೆಗಳಿಗೆ ನಮ್ಮ ಸೀಮೆಯಲ್ಲಿ ಬರವೇ? ಸಿಂಧನೂರಿನ ಅಡತಿ ಅಂಗಡಿಯಲ್ಲಿ ರೈತ ಬಿತ್ತನೆಗೆ ಮುಂಗಡ ಪಡೆಯುತ್ತಾನೆ, ಸುಗ್ಗಿಯಲ್ಲಿ ಭತ್ತ ತಂದು ಹಾಕುತ್ತಾನೆ. ತೂಕ, ದರ, ಹಮಾಲಿ, ಬಡ್ಡಿ ಎಲ್ಲವೂ ಅಂಗಡಿಯ ಕಿರ್ದಿಯಲ್ಲಿದೆ, ರೈತನ ಬಳಿ ಒಂದು ಚೀಟಿಯೂ ಇಲ್ಲದಿರಬಹುದು. ಆ ಲೆಕ್ಕ ಯಾರಿಗೆ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ? ಬೆಳೆಯ ಝಕಾತಾದ ಉಶ್ರನ್ನು ತೆಗೆದುಕೊಳ್ಳಿ. ಮಳೆಯಿಂದ ಬೆಳೆದದ್ದರಲ್ಲಿ ಹತ್ತನೇ ಒಂದು, ಶ್ರಮಪಟ್ಟು ನೀರುಣಿಸಿದ್ದರಲ್ಲಿ ಇಪ್ಪತ್ತನೇ ಒಂದು ಎಂಬುದು ಪ್ರವಾದಿ(ಸ)ರ ಬೋಧನೆ. ಮಳೆಯನ್ನೇ ನಂಬಿದ ಮಸ್ಕಿ ಕಡೆಯ ಜೋಳದ ಹೊಲಕ್ಕೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯುವ ಗದ್ದೆಗೂ ಲೆಕ್ಕ ಹೇಗೆ ಬೇರೆಯಾಗುತ್ತದೆ, ನಮ್ಮ ರೈತರು ಅದನ್ನು ಎಲ್ಲಾದರೂ ಬರೆದಿಡುತ್ತಾರೆಯೇ? ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಡಿಯ ಚಿನ್ನ ಪ್ರತಿವರ್ಷ ಕರಗುತ್ತಿದೆ. ಆ ಕರಗುವಿಕೆಯನ್ನು ಗಣಿಯ ಪುಸ್ತಕ ಹೇಗೆ ತೋರಿಸುತ್ತದೆ? ಬೇರೆ ಊರಿನಲ್ಲಿ ಕುಳಿತು ಸಿನಾಪ್ಸಿಸ್ ಮಾರುವವನಿಗೆ ಇದೊಂದೂ ತಿಳಿಯದು.

ಆದ್ದರಿಂದ ಮಗ ಕೇಳಿದಾಗ ಹಣ ತೆಗೆಯಬೇಡಿ. ಅವನನ್ನು ಎರಡು ವಾರ ಪರಿಚಯದ ಅಡತಿ ಅಂಗಡಿಯ ಗುಮಾಸ್ತರ ಪಕ್ಕದಲ್ಲಿ ಕೂರಿಸಿ. ಆಮೇಲೆ ತಾನು ಕಂಡದ್ದನ್ನು ಕನ್ನಡದಲ್ಲೋ ಉರ್ದುವಿನಲ್ಲೋ ನಿಮಗೆ ಹೇಳಲಿ. ನಿಮಗೆ ಅರ್ಥವಾದರೆ ಇಂಗ್ಲಿಷಿನಲ್ಲಿ ಬರೆಯಲಿ. ಈ ವರ್ಷ ಸ್ಥಾನ ಸಿಗದಿರಬಹುದು. ನೆಟ್ ಪರೀಕ್ಷೆ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರಿನಲ್ಲಿ, ವರ್ಷಕ್ಕೆ ಎರಡು ಸಲ ಬರುತ್ತದೆ. 2024ರಿಂದ ಅದರ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಲಾಗುತ್ತಿದೆ. ಅಷ್ಟು ದಿನ ಅವನು ಗಿರಣಿಯ ಲೆಕ್ಕ ಬರೆಯುತ್ತಿರಲಿ.